ಮದ್ದಿಗೊಂದು ಮೇರೆ

ಕನ್ನಡದ 'ಮದ್ದು' ಎಂಬ ಮಾತು ಬಹು ವಿಚಿತ್ರವಾದುದು. ಕೆಮ್ಮಿಗೆಂದು ಅಜ್ಜಿ ಕಾಯಿಸಿ ಕೊಡುವ ಶುಂಠಿಯ ಕಷಾಯವೂ ಮದ್ದೇ. ಕೋವಿಗೆ ತುಂಬುವ ಸಿಡಿಪುಡಿಯೂ ಮದ್ದೇ. 'ಯಾರೋ ಮದ್ದು ಹಾಕಿದ್ದಾರೆ' ಎಂದು ಹಳ್ಳಿಯ ಜಗುಲಿಯಲ್ಲಿ ಪಿಸುಗುಟ್ಟುವಾಗ ಅದೇ ಮಾತು ವಿಷವೂ ಆಗುತ್ತದೆ. ಬದುಕಿಸುವುದನ್ನೂ ಕೊಲ್ಲುವುದನ್ನೂ ಒಂದೇ ಶಬ್ದದಲ್ಲಿ ಹಿಡಿದ ನಮ್ಮ ಹಿರಿಯರು ಅಜ್ಞಾನದಿಂದ ಹಾಗೆ ಮಾಡಿದರೆಂದು ನನಗೆ ತೋರುವುದಿಲ್ಲ. ವಸ್ತು ಒಂದೇ, ಅದನ್ನು ಯಾರು, ಯಾರಿಗೆ, ಎಷ್ಟು, ಎಂತಹ ಹೊತ್ತಿನಲ್ಲಿ ಕೊಡುತ್ತಾರೆ ಎಂಬುದರ ಮೇಲೆ ಅದರ ಗುಣ ನಿಂತಿದೆ ಎಂಬ ಅನುಭವವೇ ಆ ಮಾತಿನ ಬೆನ್ನಿಗಿದೆ.

ಈ ವಿಚಾರ ನನ್ನ ಮನಸ್ಸಿಗೆ ಬಂದದ್ದು ಒಂದು ಸಂಜೆಯ ಭೇಟಿಯಿಂದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದಿದ್ದರು. ಅವರ ತಮ್ಮನಿಗೆ ಹಲವು ವರ್ಷಗಳಿಂದ ಖಿನ್ನತೆಯ ಕಾಯಿಲೆ. ಗುಳಿಗೆಗಳು ಬದಲಾದವು, ವೈದ್ಯರು ಬದಲಾದರು, ಕಾಯಿಲೆ ಮಾತ್ರ ಬದಲಾಗಲಿಲ್ಲ. 'ಮೇಷ್ಟ್ರೇ, ಬೆಟ್ಟದ ಕಡೆ ಒಂದು ಬಗೆಯ ಅಣಬೆ ಸಿಗುತ್ತದಂತೆ. ಅದನ್ನು ತಿಂದರೆ ಇಂತಹ ದುಃಖ ಕಳೆಯುತ್ತದೆಂದು ಹೊರದೇಶಗಳಲ್ಲಿ ಕಂಡುಹಿಡಿದಿದ್ದಾರಂತೆ. ತರಿಸಿ ಕೊಡಲೆ?' ಎಂದು ಅವರು ಕೇಳಿದರು. ನಾನು ವೈದ್ಯನಲ್ಲ, ಸಾಹಿತ್ಯದ ಮೇಷ್ಟರು. ಆದರೆ ಹಾಗೆಂದು ಹೇಳಿ ಕಳುಹಿಸಿಬಿಡಲು ಮನಸ್ಸು ಬರಲಿಲ್ಲ. ಅವರ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿಯೇ ಉತ್ತರದ ಅರ್ಧ ಭಾಗ ಅಡಗಿದೆ. ಅದನ್ನೇ ಇಂದು ತಮ್ಮ ಮುಂದಿಡುತ್ತೇನೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಔಷಧಶಾಲೆಯಲ್ಲಿ ಆಲ್ಬರ್ಟ್ ಹಾಫ್‌ಮನ್ ಎಂಬ ರಸಾಯನಜ್ಞರು 1938ರಲ್ಲಿ, ರೈ ಧಾನ್ಯದ ತೆನೆಗೆ ತಗಲುವ ಅರ್ಗಟ್ ಎಂಬ ಬೂಷ್ಟಿನ ಸಾರದಿಂದ ಒಂದು ಹೊಸ ವಸ್ತುವನ್ನು ತಯಾರಿಸಿದರು. ಅದೇ ಎಲ್.ಎಸ್.ಡಿ. ಐದು ವರ್ಷ ಅದು ಮೂಲೆಯಲ್ಲಿ ಬಿದ್ದಿತ್ತು. 1943ರ ಏಪ್ರಿಲ್ 19ರಂದು ಹಾಫ್‌ಮನ್ ಅದನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ತೆಗೆದುಕೊಂಡದ್ದು ಒಂದು ಗ್ರಾಮಿನ ನಾಲ್ಕು ಸಾವಿರದಲ್ಲೊಂದು ಪಾಲು. ಅಷ್ಟಕ್ಕೇ ಬೈಸಿಕಲ್ಲಿನಲ್ಲಿ ಮನೆ ಸೇರುವ ಹೊತ್ತಿಗೆ ಅವರ ಲೋಕವೇ ತಲೆಕೆಳಗಾಗಿತ್ತು. 1947ರಿಂದ ಆ ಸಂಸ್ಥೆ ಇದನ್ನು ಸಂಶೋಧನೆಗಾಗಿ ಮನೋವೈದ್ಯರಿಗೆ ಒದಗಿಸತೊಡಗಿತು.

ನಮ್ಮ ಕಥೆಯ ಮುಖ್ಯ ರಂಗಸ್ಥಳ ಮಾತ್ರ ಯೂರೋಪಿನದಲ್ಲ. ಕೆನಡಾ ದೇಶದ ಸಸ್ಕಾಚೆವಾನ್ ಎಂಬ ಗೋಧಿಯ ಬಯಲುಸೀಮೆ. ಅಲ್ಲಿಯ ವೇಬರ್ನ್ ಎಂಬ ಸಣ್ಣ ಊರಿನಲ್ಲಿ 1921ರಲ್ಲಿ ತೆರೆದ ದೊಡ್ಡದೊಂದು ಮಾನಸಿಕ ಆಸ್ಪತ್ರೆಯಿತ್ತು. 1951ರಲ್ಲಿ ಹಂಫ್ರಿ ಆಸ್ಮಂಡ್ ಎಂಬ ಇಂಗ್ಲಿಷ್ ವೈದ್ಯರು ಅಲ್ಲಿಗೆ ಬಂದಾಗ ಅದು ರೋಗಿಗಳಿಂದ ಕಿಕ್ಕಿರಿದಿತ್ತು. ಪ್ರಾಂತದ ಮುಖ್ಯಸ್ಥರಾಗಿದ್ದವರು ಟಾಮಿ ಡಗ್ಲಸ್. ಸರ್ವರಿಗೂ ಸರ್ಕಾರದ ವೆಚ್ಚದಲ್ಲಿ ವೈದ್ಯ ದೊರೆಯಬೇಕೆಂದು ಹಟ ಹಿಡಿದಿದ್ದ ಅವರ ಪಕ್ಷದ ಸರ್ಕಾರ ಹೊಸ ಪ್ರಯೋಗಗಳಿಗೆ ಹೆದರುತ್ತಿರಲಿಲ್ಲ. ಆಸ್ಮಂಡರಿಗೆ ಜೊತೆಯಾದವರು ಅದೇ ಸೀಮೆಯ ಏಬ್ರಮ್ ಹಾಫರ್.

ಈ ಇಬ್ಬರ ಮೊದಲ ಆಲೋಚನೆ ಸರಳವಾಗಿತ್ತು. ಕಡುಕುಡುಕರಲ್ಲಿ ಕೆಲವರು ಸನ್ನಿ ಹಿಡಿದು, ನಡುಗಿ, ಭಯಂಕರ ದೃಶ್ಯಗಳನ್ನು ಕಂಡ ಮೇಲೆ ಕುಡಿತವನ್ನೇ ಬಿಟ್ಟುಬಿಡುವುದುಂಟು. ಆ ಸನ್ನಿ ಪ್ರಾಣಾಪಾಯಕರ. ಅದರಂತಹುದೇ ಅನುಭವವನ್ನು ಅಪಾಯವಿಲ್ಲದೆ ಈ ಮದ್ದಿನಿಂದ ಉಂಟುಮಾಡಿದರೆ ಕುಡಿತ ಬಿಟ್ಟೀತಲ್ಲವೆ? 1953ರಲ್ಲಿ ಪ್ರಯೋಗ ಮೊದಲಾಯಿತು. ಆದರೆ ರೋಗಿಗಳು ಹೇಳಿದ್ದು ಬೇರೆಯೇ. ಅವರು ಹೆದರಿ ಕುಡಿತ ಬಿಟ್ಟಿರಲಿಲ್ಲ; ತಮ್ಮನ್ನು ತಾವು ದೂರದಿಂದ ನೋಡಿಕೊಂಡಂತಾಗಿ, ಹೆಂಡತಿ ಮಕ್ಕಳ ಕಣ್ಣಿನಲ್ಲಿ ತಮ್ಮ ಮುಖವನ್ನು ಕಂಡಂತಾಗಿ, ಬಿಟ್ಟಿದ್ದರು. ಭಯದ ಮದ್ದೆಂದುಕೊಂಡದ್ದು ತಿಳಿವಿನ ಮದ್ದಾಗಿ ತೋರಿತು. ಚಿಕಿತ್ಸೆ ಪಡೆದವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಸುಧಾರಿಸಿದರೆಂದು ಅವರು ವರದಿ ಮಾಡಿದರು.

ಅದೇ 1953ರ ಮೇ ತಿಂಗಳಿನಲ್ಲಿ ಆಸ್ಮಂಡರು ಲಾಸ್ ಏಂಜಲೀಸ್ ನಗರದಲ್ಲಿ ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿಗೆ, ಪೆಯೋಟೆ ಕಳ್ಳಿಯಲ್ಲಿರುವ ಮೆಸ್ಕಲೀನನ್ನು ಕೊಟ್ಟರು. ಇಂತಹ ವಸ್ತುಗಳಿಗೆ ಏನು ಹೆಸರಿಡಬೇಕೆಂದು ಇಬ್ಬರೂ ಪತ್ರದಲ್ಲಿ ಚರ್ಚಿಸಿದರು. ಹಕ್ಸ್‌ಲಿಯ ಸೂಚನೆ ನಿಲ್ಲಲಿಲ್ಲ. ಆಸ್ಮಂಡರು ಗ್ರೀಕಿನಿಂದ ಕಟ್ಟಿ 1957ರಲ್ಲಿ ವಿದ್ವತ್ಸಭೆಯ ಮುಂದಿಟ್ಟ 'ಸೈಕೆಡೆಲಿಕ್' ಎಂಬ ಮಾತು ನಿಂತಿತು. ಚಿತ್ತವನ್ನು ಪ್ರಕಟಗೊಳಿಸುವಂಥದು ಎಂದು ಅದರ ಅರ್ಥ. 'ಚಿತ್ತಪ್ರಕಾಶಕ' ಎಂದು ನಾವು ಕನ್ನಡಿಸಬಹುದು. ಹಕ್ಸ್‌ಲಿ ತಮ್ಮ ಕೃತಿಗಳಲ್ಲಿ ಸಂಸ್ಕೃತದ ಎರಡು ಮಾತುಗಳನ್ನು ಬಳಸಿಕೊಂಡದ್ದೂ ಗಮನಾರ್ಹ. 1932ರ ಕಾದಂಬರಿಯಲ್ಲಿ ಜನರನ್ನು ಮಂಕಾಗಿಸಿ ಆಳುವ ಗುಳಿಗೆಗೆ 'ಸೋಮ' ಎಂದು ಹೆಸರು. 1962ರ ಕಾದಂಬರಿಯಲ್ಲಿ ಎಚ್ಚರಿಸುವ ಮದ್ದಿಗೆ 'ಮೋಕ್ಷ' ಎಂದು ಹೆಸರು. ನಮ್ಮ 'ಮದ್ದು' ಶಬ್ದದ ಎರಡು ಮುಖಗಳೇ ಅಲ್ಲವೆ ಇವು?

ವೇಬರ್ನ್ ವೈದ್ಯರ ಹೆಚ್ಚುಗಾರಿಕೆ ಇದ್ದದ್ದು ಮದ್ದಿನಲ್ಲಲ್ಲ, ಪಥ್ಯದಲ್ಲಿ ಎಂದು ನಾನು ಭಾವಿಸುತ್ತೇನೆ. ಅವರು ಮೊದಲು ತಾವೇ ಅದನ್ನು ಸೇವಿಸಿ ನೋಡಿದರು. ರೋಗಿಯನ್ನು ಮುಂಚಿತವಾಗಿ ಸಿದ್ಧಗೊಳಿಸಿದರು. ಹಿತವಾದ ಕೋಣೆ, ಸಂಗೀತ, ದಿನವಿಡೀ ಪಕ್ಕದಲ್ಲಿ ಕುಳಿತಿರುವ ಒಬ್ಬರು, ಇವನ್ನೆಲ್ಲ ಚಿಕಿತ್ಸೆಯ ಅಂಗವೆಂದೇ ಎಣಿಸಿದರು. 1956ರಲ್ಲಿ ಅಲ್ಲಿಯ ಆದಿವಾಸಿಗಳ ಪೆಯೋಟೆ ಆರಾಧನೆಯನ್ನು ನಿಷೇಧಿಸಬೇಕೆಂಬ ಕೂಗೆದ್ದಾಗ, ಆಸ್ಮಂಡ್ ಮತ್ತು ಸಂಗಡಿಗರು ಆಹ್ವಾನದ ಮೇರೆಗೆ ಹೋಗಿ ಒಂದು ರಾತ್ರಿಯೆಲ್ಲ ಆ ಡೇರೆಯಲ್ಲಿ ಕುಳಿತರು. ಬೆಂಕಿ, ಡೋಲು, ಹಾಡು, ಪ್ರಾರ್ಥನೆ, ಹಿರಿಯರ ಕಾವಲು. ಅಲ್ಲಿ ಉನ್ಮಾದವಿರಲಿಲ್ಲ, ಶಿಸ್ತಿತ್ತು. ಆ ಆರಾಧನೆಯನ್ನು ನಿಷೇಧಿಸಲಾಗದೆಂದು ಆಸ್ಮಂಡ್ ವಾದಿಸಿದರು. ವಿಧಿಯಿಲ್ಲದ ಮದ್ದು ಅಪಾಯಕರವೆಂಬ ತಿಳಿವಳಿಕೆ ವಿಜ್ಞಾನಿಗಿಂತ ಮೊದಲೇ ಆ ಜನಕ್ಕೆ ಇತ್ತೆನ್ನಬೇಕು.

ಇನ್ನೊಂದು ದೃಶ್ಯವನ್ನು ನೋಡಿ. ಅದೇ ಕೆನಡಾ, ಅದೇ ಕಾಲ. ಮಾಂಟ್ರಿಯಲ್ ನಗರದ ಆಲನ್ ಮೆಮೋರಿಯಲ್ ಸಂಸ್ಥೆಯಲ್ಲಿ ಯೂವೆನ್ ಕ್ಯಾಮರನ್ ಎಂಬ ಪ್ರಖ್ಯಾತ ಮನೋವೈದ್ಯರು, ಸಣ್ಣಪುಟ್ಟ ಚಿಂತೆ ಬೇಸರಗಳಿಗೆಂದು ಬಂದವರನ್ನು ಕೂಡ ವಾರಗಟ್ಟಲೆ ನಿದ್ರೆಯಲ್ಲಿಟ್ಟು, ಮೇಲಿಂದ ಮೇಲೆ ವಿದ್ಯುದಾಘಾತ ಕೊಟ್ಟು, ಒಂದೇ ಮಾತನ್ನು ಸಾವಿರಾರು ಸಲ ಕೇಳಿಸಿ, ಎಲ್.ಎಸ್.ಡಿ.ಯನ್ನೂ ಕೊಟ್ಟರು. ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆಯೆಂಬುದು ಆ ರೋಗಿಗಳಿಗೆ ಗೊತ್ತಿರಲಿಲ್ಲ. 1957ರಿಂದ ಕೆಲವು ವರ್ಷ ಈ ಕೆಲಸಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆಯ ಹಣ ಗುಟ್ಟಾಗಿ ಹರಿಯಿತು. ಸ್ಮೃತಿ ಕಳೆದುಕೊಂಡು, ತಮ್ಮ ಮಕ್ಕಳನ್ನೇ ಗುರುತಿಸಲಾರದೆ ಮನೆಗೆ ಮರಳಿದವರಿದ್ದರು. 1992ರಲ್ಲಿ ಕೆನಡಾ ಸರ್ಕಾರ ಅವರಲ್ಲಿ ಕೆಲವರಿಗೆ ತಲಾ ಒಂದು ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಕ್ಯಾಮರನ್ ಪರವಾನಗಿ ಇಲ್ಲದ ನಕಲಿ ವೈದ್ಯರಾಗಿರಲಿಲ್ಲ. ವಿಶ್ವ ಮನೋವೈದ್ಯ ಸಂಘದ ಮೊದಲ ಅಧ್ಯಕ್ಷರಾಗಿದ್ದವರು. ಪದವಿಯೊಂದೇ ಮೇರೆಯಾಗಲಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ನಡುವೆ ಟೊರಾಂಟೋದ ಸಂಶೋಧಕರು ನ್ಯಾಯವಾದ ಒಂದು ಪ್ರಶ್ನೆಯನ್ನೆತ್ತಿದರು. ಗುಣವಾದದ್ದು ಮದ್ದಿನಿಂದಲೋ, ಸಂಗೀತ ಸಾಂತ್ವನಗಳಿಂದಲೋ? ಮದ್ದಿನ ಗುಣವೊಂದನ್ನೇ ಅಳೆಯಲೆಂದು ಅವರು ಹಿತವಾದ ಪರಿಸರವನ್ನೆಲ್ಲ ಕಳೆದು, ರೋಗಿಯನ್ನು ಹಾಸಿಗೆಗೆ ಪಟ್ಟಿಯಿಂದ ಬಿಗಿದು ಪರೀಕ್ಷಿಸಿದರು. ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಪಥ್ಯವನ್ನು ತೆಗೆದುಹಾಕಿದರೆ ಮದ್ದು ಕೆಲಸ ಮಾಡೀತೆ ಎಂದು ವೇಬರ್ನ್ ಕಡೆಯವರು ಕೇಳಿದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಈ ವಾದ ಇಂದಿಗೂ ಮುಗಿದಿಲ್ಲ.

ಮುಗಿಯುವ ಮೊದಲೇ ಬಾಗಿಲು ಮುಚ್ಚಿತು. ಥ್ಯಾಲಿಡೊಮೈಡ್ ಎಂಬ ಗುಳಿಗೆಯಿಂದ ಅಂಗವಿಕಲ ಶಿಶುಗಳು ಹುಟ್ಟಿದ ದುರಂತ ಲೋಕವನ್ನು ತಲ್ಲಣಗೊಳಿಸಿದಾಗ, ಕೆನಡಾ 1962ರಲ್ಲಿ ಮಾರಾಟ ನಿಷೇಧದ ಹೊಸ ಪಟ್ಟಿಯೊಂದನ್ನು ಮಾಡಿ ಅದರಲ್ಲಿ ಆ ಗುಳಿಗೆಯನ್ನೂ ಎಲ್.ಎಸ್.ಡಿ.ಯನ್ನೂ ಸೇರಿಸಿತು, ಸಂಶೋಧನೆಗೆ ಮಾತ್ರ ಕಿಂಡಿಯೊಂದನ್ನು ಬಿಟ್ಟಿತು. ಅಷ್ಟರಲ್ಲಿ ಮದ್ದು ಆಸ್ಪತ್ರೆಯ ಗೋಡೆ ದಾಟಿ ಬೀದಿಗೆ ಬಂದಿತ್ತು. ಕಾವಲಿಲ್ಲದೆ, ಪ್ರಮಾಣವಿಲ್ಲದೆ ಸೇವಿಸಿ ಕಷ್ಟಕ್ಕೆ ಸಿಕ್ಕಿದ ತರುಣರ ಸುದ್ದಿ ಪತ್ರಿಕೆಗಳನ್ನು ತುಂಬಿತು. 1966ರಲ್ಲಿ ಸ್ಯಾಂಡೋಜ್ ಅಮೆರಿಕಕ್ಕೆ ಸರಬರಾಜನ್ನು ನಿಲ್ಲಿಸಿತು. 1971ರಲ್ಲಿ ವಿಯೆನ್ನಾದಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದ ಇವನ್ನು ಅತ್ಯಂತ ಕಠಿಣವಾದ ಮೊದಲ ಪಟ್ಟಿಗೆ ಸೇರಿಸಿತು. ಭಾರತವೂ 1985ರ ಕಾಯಿದೆಯಲ್ಲಿ ಇವುಗಳ ಹೆಸರನ್ನು ಬರೆಯಿತು. ಬೀದಿಯ ಬಳಕೆ ನಿಲ್ಲಲಿಲ್ಲ. ನಿಂತದ್ದು ಬಹುಮಟ್ಟಿಗೆ ವೈದ್ಯರ ಸಂಶೋಧನೆ. ಕಳ್ಳನಿಗೆಂದು ಹಾಕಿದ ಬೀಗ ಮನೆಯವನನ್ನೇ ಹೊರಗಿಟ್ಟಿತು.

ಮೂವತ್ತು ನಲವತ್ತು ವರ್ಷಗಳ ಮೇಲೆ ಕದ ಮತ್ತೆ ಸ್ವಲ್ಪ ಸರಿದಿದೆ. ಕುಡಿತದ ಚಿಕಿತ್ಸೆಯ ಹಳೆಯ ಪ್ರಯೋಗಗಳಲ್ಲಿ ಕ್ರಮಬದ್ಧವಾದ ಆರನ್ನು 2012ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. 536 ರೋಗಿಗಳ ಆ ಲೆಕ್ಕದಲ್ಲಿ ಎಲ್.ಎಸ್.ಡಿ. ಪಡೆದವರಲ್ಲಿ ನೂರಕ್ಕೆ 59 ಮಂದಿ, ಪಡೆಯದವರಲ್ಲಿ 38 ಮಂದಿ ಸುಧಾರಿಸಿದ್ದರು. ವರ್ಷ ತುಂಬುವ ಹೊತ್ತಿಗೆ ಆ ಅಂತರ ಸ್ಪಷ್ಟವಾಗಿ ಉಳಿದಿರಲಿಲ್ಲ. ಮೆಕ್ಸಿಕೋದ ಅಣಬೆಯಿಂದ ಹಾಫ್‌ಮನ್ನರೇ 1958ರಲ್ಲಿ ಬೇರ್ಪಡಿಸಿದ ಸೈಲೋಸೈಬಿನ್ ಇಂದು ಖಿನ್ನತೆಯ ಚಿಕಿತ್ಸೆಗಾಗಿ ಪರೀಕ್ಷೆಗೊಳಗಾಗಿದೆ. ಕೆನಡಾ 2022ರಲ್ಲಿ, ಬೇರೆ ಚಿಕಿತ್ಸೆ ಫಲಿಸದ ರೋಗಿಗಳಿಗಾಗಿ ವೈದ್ಯರು ಅರ್ಜಿ ಹಾಕಿ ಇದನ್ನು ಪಡೆಯಲು ದಾರಿ ಮಾಡಿತು. ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅಧಿಕೃತ ಮನೋವೈದ್ಯರಿಗೆ ಮಾತ್ರ ಅನುಮತಿಯಿತ್ತಿತು. ಅಮೆರಿಕದ ಔಷಧ ಪ್ರಾಧಿಕಾರವಾದರೋ ಇದೇ ಬಳಗಕ್ಕೆ ಸೇರಿಸಿ ಹೇಳುವ ಎಂ.ಡಿ.ಎಂ.ಎ. ಎಂಬ ವಸ್ತುವಿಗೆ 2024ರ ಆಗಸ್ಟಿನಲ್ಲಿ ಒಪ್ಪಿಗೆ ಕೊಡದೆ, ಇನ್ನೊಂದು ಪರೀಕ್ಷೆ ಮಾಡಿ ತನ್ನಿ ಎಂದಿತು. ಮದ್ದು ಸಿಕ್ಕಿದವರಿಗೂ ಸಿಗದವರಿಗೂ ಅದು ತಾನಾಗಿಯೇ ಗೊತ್ತಾಗಿಬಿಡುವುದರಿಂದ ನಿಷ್ಪಕ್ಷಪಾತವಾದ ತೂಕ ಕಷ್ಟ ಎಂಬುದು ಒಂದು ಆಕ್ಷೇಪಣೆ. ಟೊರಾಂಟೋದ ಹಳೆಯ ಪ್ರಶ್ನೆಗೆ ಇದು ಹತ್ತಿರದ ನಂಟು.

ನಮ್ಮ ಆಯುರ್ವೇದದಲ್ಲಿ ವತ್ಸನಾಭಿಯಂತಹ ಉಗ್ರವಿಷವನ್ನೂ ಶೋಧನೆ ಮಾಡಿ ಔಷಧಕ್ಕೆ ಸೇರಿಸುವುದುಂಟು. ಅದನ್ನು ಹಿತ್ತಲಿನಲ್ಲಿ ಅಗೆದು ಯಾರೂ ಬಾಯಿಗೆ ಹಾಕಿಕೊಳ್ಳುವುದಿಲ್ಲ. ವಿಷವೆಂದು ಅದರ ಹೆಸರನ್ನೇ ಗ್ರಂಥದಿಂದ ಹೊಡೆದುಹಾಕಿದವರೂ ಇಲ್ಲ. ಚಿತ್ತಪ್ರಕಾಶಕ ವಸ್ತುಗಳಿಗೂ ಇಂತಹ ಒಂದು ಮೇರೆ ಬೇಕು. ಪರಿಶುದ್ಧ ಪ್ರಮಾಣ, ರೋಗಿಯ ಅರಿವುಳ್ಳ ಒಪ್ಪಿಗೆ, ತರಬೇತಿ ಪಡೆದವರ ಸಾನ್ನಿಧ್ಯ, ಆ ಸಾನ್ನಿಧ್ಯದ ಮೇಲೂ ಇನ್ನೊಬ್ಬರ ಕಣ್ಣು. ಮನಸ್ಸಿನ ಕದ ತೆರೆದು ಮಲಗಿದವನಷ್ಟು ಅಸಹಾಯಕರು ಇನ್ನೊಬ್ಬರಿಲ್ಲ. ಬಾಗಿಲನ್ನು ಪೂರ್ತಿ ಮುಚ್ಚಿದರೆ ನೊಂದವರು ಕಳ್ಳದಾರಿ ಹಿಡಿಯುತ್ತಾರೆ. ಹಾರುಹೊಡೆದರೆ ಮಾಂಟ್ರಿಯಲ್ಲಿನ ಕಥೆ ಮರುಕಳಿಸುತ್ತದೆ.

ನನ್ನ ವಿದ್ಯಾರ್ಥಿಗೆ ನಾನು ಇಷ್ಟನ್ನೇ ಹೇಳಿದೆ: 'ಬೇಡಪ್ಪಾ, ಆ ಅಣಬೆ ತರಿಸಬೇಡ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಯಾವುದು ಮದ್ದಿನ ಅಣಬೆ, ಯಾವುದು ವಿಷದ್ದು ಎಂದು ನಿನಗೂ ತಿಳಿಯದು, ಮಾರುವವನಿಗೂ ತಿಳಿಯದು. ಚಿತ್ತಭ್ರಮೆ ಮನೆತನದಲ್ಲಿದ್ದವರನ್ನು ಆ ದೇಶಗಳ ಪ್ರಯೋಗಗಳಿಗೂ ಸೇರಿಸಿಕೊಳ್ಳುವುದಿಲ್ಲ. ಆದರೆ ನಿನ್ನ ಪ್ರಶ್ನೆಯನ್ನು ಬಿಡಬೇಡ. ಅದನ್ನು ವೈದ್ಯರ ಮುಂದೆಯೇ ಇಡು. ಅಲ್ಲಿಯವರೆಗೆ ತಮ್ಮನ ಪಕ್ಕದಲ್ಲಿ ಕುಳಿತಿರು.' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕುಳಿತಿರುತ್ತೇನೆ, ಮೇಷ್ಟ್ರೇ' ಎಂದರು. ವೇಬರ್ನಿನ ವೈದ್ಯರು ರೋಗಿಗೆ ಕೊಟ್ಟ ಎರಡು ವಸ್ತುಗಳಲ್ಲಿ ಒಂದನ್ನು ಕಾನೂನು ತಡೆಯಿತು. ಇನ್ನೊಂದನ್ನು, ಪಕ್ಕದಲ್ಲಿ ಕುಳಿತಿರುವುದನ್ನು, ಯಾವ ಕಾನೂನೂ ತಡೆದಿಲ್ಲ.

(ಬಾನುಲಿ ಭಾಷಣ)