ವಜ್ರಮುಷ್ಟಿ: ನಮ್ಮ ಕಡೆಯ ಬಾಕ್ಸಿಂಗ್

ವಿಜಯದಶಮಿಯ ಮಾರನೇ ದಿನದ ಪೇಪರಿನಲ್ಲಿ ಒಂದು ಫೋಟೋ ಬಂದೇ ಬರುತ್ತೆ. ನೀವೂ ನೋಡಿರ್ತೀರಿ. ಕೆಮ್ಮಣ್ಣಿನ ಮಟ್ಟಿ, ಲಂಗೋಟಿ ಕಟ್ಟಿದ ಇಬ್ಬರು, ನುಣ್ಣಗೆ ಬೋಳಿಸಿದ ತಲೆ, ಆ ತಲೆಯಿಂದ ಇಳಿಯುತ್ತಿರುವ ರಕ್ತ. ಕೆಳಗೆ ಎರಡು ಸಾಲು: ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜೆಟ್ಟಿಗಳಿಂದ ವಜ್ರಮುಷ್ಟಿ ಕಾಳಗ. ಆಮೇಲೆ ಪುಟಗಟ್ಟಲೆ ಜಂಬೂ ಸವಾರಿ.

ನಾನು ಗುಂಡ್ಲುಪೇಟೆಯವನು. ನಮ್ಮ ಜಿಲ್ಲೆಯ ಹೆಸರು ಪೇಪರಿನಲ್ಲಿ ಬರೋದು ಒಂದೋ ವೀರಪ್ಪನ್ ಕಾರಣಕ್ಕೆ, ಇಲ್ಲಾ ಅಲ್ಲಿಗೆ ಹೋದ ಮುಖ್ಯಮಂತ್ರಿಯ ಕುರ್ಚಿ ಉಳಿಯೋದಿಲ್ಲ ಅನ್ನುವ ಹಳೇ ನಂಬಿಕೆಯ ಕಾರಣಕ್ಕೆ. (ಸಿದ್ದರಾಮಯ್ಯನವರು ಹತ್ತಾರು ಸಲ ಬಂದು ಹೋಗಿ 2013ರಿಂದ 2018ರ ತನಕ ಐದು ವರ್ಷ ಪೂರ್ತಿ ಮಾಡಿದರು, ಆ ಮಾತು ಬೇರೆ :-) ) ಹಾಗಾಗಿ ವರ್ಷಕ್ಕೊಂದು ಸಲ ಆ ಫೋಟೋದ ಕೆಳಗೆ ಚಾಮರಾಜನಗರ ಅಂತ ಓದುವಾಗ ಚಿಕ್ಕಂದಿನಲ್ಲಿ ಒಂಥರಾ ಹೆಮ್ಮೆ ಆಗ್ತಿತ್ತು.

ಎಂಟೊಂಬತ್ತು ವರ್ಷದವನಿದ್ದಾಗ ಸೈಕಲ್ಲಿಂದ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಿದ್ದೆ. ಅಜ್ಜಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿಸಿ ಚಾಮರಾಜನಗರಕ್ಕೆ, ಒಬ್ಬರು ಜೆಟ್ಟಿಯವರ ಮನೆಗೆ ಕರೆದುಕೊಂಡು ಹೋದರು. ವಯಸ್ಸಾದವರು, ಎಣ್ಣೆ ಹಚ್ಚಿ ನೀವಿದರು, ಮಾತಾಡಿಸುತ್ತಲೇ ಒಂದು ಸಲ ಎಳೆದರು, ನಾನು ಊರೆಲ್ಲ ಕೇಳುವ ಹಾಗೆ ಕಿರುಚಿದೆ, ಮುಗೀತು. ನನಗೆ ನೆನಪಿರೋದು ಆ ನೋವಲ್ಲ. ಅವರ ಬಲಗೈಯ ಬೆರಳುಗಳು. ನಡುವಿನ ಎರಡು ಬೆರಳು ಗೆಣ್ಣಿನ ಹತ್ತಿರ ಸೊಟ್ಟಗಿದ್ದವು, ಪೂರ್ತಿ ಚಾಚಲು ಬರುತ್ತಿರಲಿಲ್ಲ. ಬೇರೆಯವರ ಕೈ ಸರಿ ಮಾಡುವವರ ಕೈಯೇ ಯಾಕೆ ಹೀಗೆ ಅಂತ ಬಸ್ಸಿನಲ್ಲಿ ಕೇಳಿದ್ದಕ್ಕೆ ಅಜ್ಜಿ "ಸುಮ್ನಿರು ಮಗ, ಹಾಗೆಲ್ಲ ಅನ್ಬಾರ್ದು" ಅಂದಿದ್ದರು.

ಇದೆಲ್ಲ ಮತ್ತೆ ನೆನಪಾದದ್ದು ಬಾಕ್ಸಿಂಗ್ ಬಗ್ಗೆ ಓದುವಾಗ. 2023ರ ಏಪ್ರಿಲ್‌ನಲ್ಲಿ ಕೌರ್ ಸಿಂಗ್ ತೀರಿಕೊಂಡರು. ಪಂಜಾಬಿನ ಸಂಗ್ರೂರ್ ಜಿಲ್ಲೆಯವರು, ಬಾಕ್ಸಿಂಗ್ ಕಲಿತದ್ದು ಸೈನ್ಯಕ್ಕೆ ಸೇರಿದ ಮೇಲೆ. 1980ರ ಜನವರಿಯಲ್ಲಿ ಮುಹಮ್ಮದ್ ಅಲಿ ದೆಹಲಿಗೆ ಬಂದಾಗ ಪ್ರದರ್ಶನ ಪಂದ್ಯದಲ್ಲಿ ಅವರೆದುರು ನಿಂತವರು. 1982ರ ಏಷ್ಯನ್ ಗೇಮ್ಸ್‌ನಲ್ಲಿ ಹೆವಿವೇಟ್ ಚಿನ್ನ, ಅರ್ಜುನ ಪ್ರಶಸ್ತಿ, ಮರುವರ್ಷ ಪದ್ಮಶ್ರೀ, 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಅಲ್ಲಿಗೆ ನಿಲ್ಲಿಸಿದರು. ವೃತ್ತಿಪರ ಬಾಕ್ಸಿಂಗ್ ಕಡೆಗೆ ಹೋಗಲೇ ಇಲ್ಲ, ಕೊನೆಯವರೆಗೂ ಹವ್ಯಾಸಿ. ವಯಸ್ಸಾದ ಮೇಲೆ ಹೃದಯದ ಚಿಕಿತ್ಸೆಗೆ ಸಾಲ ಮಾಡಬೇಕಾಗಿ ಬಂದದ್ದು ಸುದ್ದಿಯಾಗಿತ್ತು. ದೇಶದ ಅತಿ ಹೆಸರುವಾಸಿ ಹೆವಿವೇಟ್‌ನ ಕಥೆ ಇದು.

ಹಾಗಾದರೆ ಮುಷ್ಟಿಯುದ್ಧವನ್ನೇ ವೃತ್ತಿ ಮಾಡಿಕೊಂಡು, ಅದರಲ್ಲೇ ಮೇಲೇರಿ, ಅದರಲ್ಲೇ ನಿವೃತ್ತಿಯಾಗುವ ಏರ್ಪಾಡು ನಮ್ಮಲ್ಲಿ ಯಾವತ್ತೂ ಇರಲಿಲ್ಲವಾ? ಇತ್ತು. ನಮ್ಮ ಮೈಸೂರು ಸೀಮೆಯಲ್ಲೇ ಇತ್ತು.

ಸಾಕ್ಷಿ ಹೇಳುವವನು ಮಾರ್ಕ್ ವಿಲ್ಕ್ಸ್. 1803ರಿಂದ 1808ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು. ಆಗ ಸಿಂಹಾಸನದ ಮೇಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ, ಹುಟ್ಟಿದ್ದು 1794ರಲ್ಲಿ. (ಇದೇ ಹುಡುಗ ದೊಡ್ಡವನಾಗಿ, ತಂದೆ ಚಾಮರಾಜರು ಹುಟ್ಟಿದ ಅರಿಕುಠಾರ ಅನ್ನುವ ಊರಿಗೆ 1818ರಲ್ಲಿ ಚಾಮರಾಜನಗರ ಅಂತ ಹೆಸರಿಟ್ಟದ್ದು, ಅಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದ್ದು.) ವಿಲ್ಕ್ಸ್ ತನ್ನ ಇತಿಹಾಸದ ಪುಸ್ತಕದಲ್ಲಿ ಜೆಟ್ಟಿಗಳ ಕಾಳಗವನ್ನು ಬಿಡಿಸಿ ಬಿಡಿಸಿ ವರ್ಣಿಸುತ್ತಾನೆ. ಹೂವಿನ ಹಾರ ಹಾಕಿದ ಜೋಡಿಗಳು ಒಂದಾದ ಮೇಲೊಂದು ಬರುತ್ತವೆ. ಹೆಸರು, ಊರು ಕೂಗಿ ಹೇಳುತ್ತಾರೆ. ಮೊದಲು ರಾಜನಿಗೆ, ಆಮೇಲೆ ಜಾಲಂಧ್ರದ ಹಿಂದೆ ಕೂತ ಅರಮನೆಯ ಹೆಂಗಸರಿಗೆ ಸಾಷ್ಟಾಂಗ ನಮಸ್ಕಾರ. ಹಾರದ ಹೂವನ್ನು ಮಟ್ಟಿಯ ಮೇಲೆ ಚೆಲ್ಲಿ ಕಾಳಗಕ್ಕೆ ಇಳಿಯುತ್ತಾರೆ. ಅರ್ಧ ಕುಸ್ತಿ, ಅರ್ಧ ಬಾಕ್ಸಿಂಗ್ ಅನ್ನುತ್ತಾನೆ ಅವನು. ಹೊಡೆಯುವುದಿದ್ದರೆ ತಲೆಗೆ ಮಾತ್ರ, ಬೇರೆ ಎಲ್ಲೂ ಹೊಡೆಯುವಂತಿಲ್ಲ. ಗೆಲುವು ಗೊತ್ತಾಯಿತು ಅಂದರೆ, ಅಥವಾ ಜಗಳ ವಿಪರೀತಕ್ಕೆ ಹೋಯಿತು ಅಂದರೆ, ತೀರ್ಪುಗಾರರು ಉಡುಗೊರೆಯ ಪೇಟ, ಬಟ್ಟೆಗಳನ್ನು ಮಟ್ಟಿಗೆ ಎಸೆಯುತ್ತಾರೆ, ಅದೇ ಸನ್ನೆ. ಗೆದ್ದವನು ಎಷ್ಟೋ ಸಲ ನಾಲ್ಕೈದು ಲಾಗ ಹಾಕಿಕೊಂಡೇ ಹೊರಗೆ ಹೋಗುತ್ತಿದ್ದನಂತೆ, ನನಗಿನ್ನೂ ದಣಿವೇ ಆಗಿಲ್ಲ ಅಂತ ತೋರಿಸಲಿಕ್ಕೆ!

ಆಯುಧದ ವಿವರ ಓದುವಾಗ ನಾನು ಪುಸ್ತಕ ಕೆಳಗಿಟ್ಟೆ. ಎಮ್ಮೆ ಕೊಂಬಿನದು, ಬೆರಳ ಗೆಣ್ಣುಗಳ ಥರ ಚೂಪಾದ ನಾಲ್ಕು ಮೊನೆ, ಕಿರುಬೆರಳ ತುದಿಗೆ ಅಡ್ಡಲಾಗಿ ಇನ್ನೂ ಉದ್ದದ ಐದನೆಯದು. ಸರಿಯಾಗಿ ಹಿಡಿದರೆ ಸಾಧಾರಣ ಶಕ್ತಿಯ ಮನುಷ್ಯ ಕೂಡ ಒಂದೇ ಏಟಿಗೆ ಎದುರಾಳಿಯ ತಲೆ ಸೀಳಬಹುದು. ಆದರೆ ಸರಿಯಾಗಿ ಹಿಡಿಯಲು ಬಿಡುವುದಿಲ್ಲ, ಅದೇ ಇರೋದು ವಿಷಯ. ಅದನ್ನು ಬೆರಳಿನ ಬುಡದ ಎರಡು ಗೆಣ್ಣುಗಳ ನಡುವೆ ಬರುವ ಹಾಗೆ ಕಟ್ಟುತ್ತಾರೆ. ಪೂರ್ತಿ ಶಕ್ತಿ ಹಾಕಿ ಹೊಡೆದರೆ ಹೊಡೆದವನ ಬೆರಳುಗಳ ಕೀಲೇ ತಪ್ಪುತ್ತದೆ.

ಚಾಮರಾಜನಗರದ ಆ ಅಜ್ಜನ ಸೊಟ್ಟ ಬೆರಳು ಕಣ್ಣ ಮುಂದೆ ಬಂತು.

ಎಂಜಿನಿಯರಿಂಗ್ ಓದಿದವನಿಗೆ ಇದು ಬಹಳ ಹಿಡಿಸುತ್ತೆ. ವೇಗದ ಮಿತಿಯನ್ನು ರಸ್ತೆ ಬದಿಯ ಬೋರ್ಡಿನಲ್ಲಿ ಬರೆಯದೆ ಎಂಜಿನ್ನಿನ ಒಳಗೇ ಕೂರಿಸಿದ ಹಾಗೆ. ಇಂಗ್ಲೆಂಡಿನಲ್ಲಿ 1867ರಲ್ಲಿ ಕ್ವೀನ್ಸ್‌ಬೆರಿ ನಿಯಮ ಬಂದು ಗ್ಲೌಸ್ ಕಡ್ಡಾಯವಾಯಿತು. ನೋಡಲಿಕ್ಕೆ ಸಭ್ಯವಾಯಿತು, ರಕ್ತ ಕಡಿಮೆಯಾಯಿತು. ಆದರೆ ಗ್ಲೌಸ್ ಕಾಪಾಡುವುದು ಮುಖ್ಯವಾಗಿ ಹೊಡೆಯುವವನ ಕೈಯನ್ನು. ಬರಿಗೈಲಿ ತಲೆಬುರುಡೆಗೆ ಜೋರಾಗಿ ಗುದ್ದಿದರೆ ನಮ್ಮ ಕೈಮೂಳೆಯೇ ಮುರಿಯುತ್ತೆ, ಗ್ಲೌಸ್ ಇದ್ದರೆ ಆ ಭಯ ಕಡಿಮೆ, ಹನ್ನೆರಡು ಸುತ್ತೂ ತಲೆಗೇ ಗುದ್ದಬಹುದು. ಅಲಿಯಂಥ ಅಲಿ ಕೊನೆಗೆ ನಡುಗುವ ಕೈಯಲ್ಲಿ ಒಲಿಂಪಿಕ್ ಜ್ಯೋತಿ ಹಿಡಿದಿದ್ದನ್ನು 1996ರಲ್ಲಿ ಜಗತ್ತೇ ನೋಡಿತು. ವಜ್ರಮುಷ್ಟಿಯಲ್ಲಿ ನೆತ್ತಿಯ ಚರ್ಮ ಹರಿಯುತ್ತದೆ, ಧಾರಾಕಾರ ರಕ್ತ, ಒಳಗಿನ ಮಿದುಳಿಗೆ ಬೀಳುವ ಪೆಟ್ಟು ಕಡಿಮೆ ಅಂತ ನನ್ನ ಊಹೆ. ಎರಡರಲ್ಲಿ ಯಾವುದು ಅನಾಗರಿಕ ಅಂತ ನೀವೇ ಯೋಚಿಸಿ.

ಇನ್ನು ಕೆರಿಯರ್ ವಿಷಯ. ಜೆಟ್ಟಿಗಳಲ್ಲಿ ಐದು ದರ್ಜೆಗಳಿದ್ದವು. ಗೆದ್ದವನಿಗೆ ಸಾಮಾನ್ಯವಾಗಿ ಸಿಗುತ್ತಿದ್ದ ಬಹುಮಾನ ಅಂದರೆ ಮುಂದಿನ ದರ್ಜೆಗೆ ಬಡ್ತಿ. ಮೊದಲ ದರ್ಜೆಯವರಿಗೆ ಬೇರೆಯೇ ಸನ್ಮಾನ. ವಯಸ್ಸಾದ ಮೇಲೆ ಅವರೇ ಕಾಳಗ ನಡೆಸುವ, ಜೋಡಿ ಕಟ್ಟುವ ಹಿರಿಯರಾಗುತ್ತಿದ್ದರು. ಅಂದರೆ ಚಿಕ್ಕಂದಿನಿಂದ ಸಾಮು, ಹರೆಯದಲ್ಲಿ ಕಾಳಗ, ಬಡ್ತಿ, ಆಮೇಲೆ ಉಸ್ತಾದಿಕೆ. ನಮ್ಮ ಸಾಫ್ಟ್‌ವೇರ್ ಕಂಪನಿಗಳ ಏಣಿಗಿಂತ ಸ್ಪಷ್ಟವಾಗಿತ್ತು! ಗರಡಿಗೆ ಹವ್ಯಾಸಕ್ಕೆ ಹೋಗುವವರು ಎಲ್ಲ ಊರಲ್ಲೂ ಇದ್ದರು, ಇವರು ಹಾಗಲ್ಲ. ಕುಲದ ಕಸುಬೇ ಅದು.

ಹಳೆಯ ಬೇರೂ ಇದೆ. ಜೆಟ್ಟಿ ಅನ್ನುವ ಮಾತು ಜ್ಯೇಷ್ಠಿಮಲ್ಲ ಅನ್ನುವುದರಿಂದ ಬಂದದ್ದು, ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರಿಗಂತೂ ಮಲ್ಲಪುರಾಣ ಅಂತಲೇ ಒಂದು ಪುರಾಣವಿದೆ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲರ ದರ್ಜೆ, ಆಹಾರ, ಸಾಮು ಎಲ್ಲದರ ಲೆಕ್ಕ ಸಿಗುತ್ತದೆ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ನೂನಿಜ್, ಮಹಾನವಮಿಗೆ ರಾಜನ ಮುಂದೆ ಸೆಣಸುವ ಸಾವಿರ ಮಲ್ಲರ ಬಗ್ಗೆ ಹೇಳುತ್ತಾನೆ. ಕೈಯಲ್ಲಿ ಮೊನೆಯಿರುವ ಬಳೆಯಂಥದ್ದನ್ನು ಹಿಡಿದು ಹೊಡೆದಾಡುತ್ತಾರೆ, ಹೆಚ್ಚು ಗಾಯವಾದವನಿಗೆ ರೇಷ್ಮೆ ಬಟ್ಟೆ ಸಿಗುತ್ತದೆ ಅಂತ. ಗೆದ್ದವನಿಗಲ್ಲ, ಗಾಯವಾದವನಿಗೆ! ಒಂಥರಾ ವಿಮೆ.

ಹಾಗಂತ ಅದು ಸುವರ್ಣಯುಗ ಅಂತ ನಾನು ಹೇಳ್ತಾ ಇಲ್ಲ. ಟಿಪ್ಪುವಿನ ಕಾಲದಲ್ಲಿ ಸುಮಾರು ಹತ್ತು ವರ್ಷ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಅನ್ನುವ ಇಂಗ್ಲಿಷ್ ಹುಡುಗನಿಗೆ ಕಂಡದ್ದು ಉಕ್ಕಿನ ಉಗುರು, ಹರಿದ ಮಾಂಸ. ಆ ಕಾಲದಲ್ಲಿ ಕತ್ತು ತಿರುಚಿ ಮರಣದಂಡನೆ ಕೊಡುವ ಕೆಲಸವೂ ಜೆಟ್ಟಿಗಳದ್ದೇ ಆಗಿತ್ತು. ಮೂಳೆ ಕೂರಿಸುವ ಕೈ, ಮೂಳೆ ಮುರಿಯುವ ಕೈ ಎರಡೂ ಒಂದೇ. ರಾಜನ ಅನ್ನ ತಿಂದವರಿಗೆ ರಾಜ ಹೇಳಿದ ಎಲ್ಲ ಕೆಲಸವೂ ಬರುತ್ತಿತ್ತು, ಬೇಡ ಅನ್ನುವ ಸ್ವಾತಂತ್ರ್ಯ ಇರಲಿಲ್ಲ.

ಆದರೆ ಅನ್ನ ಇತ್ತು. ಅದು ಹೋದದ್ದು ನಿಧಾನವಾಗಿ. ಸಂಸ್ಥಾನ ಹೋಯಿತು, 1971ರಲ್ಲಿ ರಾಜಧನವೂ ನಿಂತಿತು. ಅರಮನೆಯ ದಸರಾ ಮನೆಯ ಪೂಜೆಯಾಯಿತು, ಜಂಬೂ ಸವಾರಿ ಸರ್ಕಾರದ್ದಾಯಿತು, ಅಂಬಾರಿಯಲ್ಲಿ ಮಹಾರಾಜರ ಬದಲು ಚಾಮುಂಡೇಶ್ವರಿ ಕೂತಳು. ವಜ್ರಮುಷ್ಟಿ ಮಾತ್ರ ಅರಮನೆಯ ಒಳಗೇ ಉಳಿಯಿತು. ಈಗ ಎರಡು ಜೋಡಿ, ನಾಲ್ಕು ಊರು. ಯಾರಾದರೊಬ್ಬರ ತಲೆಯಿಂದ ಮೊದಲ ರಕ್ತ ಬಂದರೆ ಮುಗೀತು, ಕೆಲವೊಮ್ಮೆ ಒಂದು ನಿಮಿಷವೂ ಆಗುವುದಿಲ್ಲ. ಆಮೇಲೆ ಯದುವೀರರು ಬನ್ನಿಪೂಜೆಗೆ ಹೊರಡುತ್ತಾರೆ.

ಐದು ದರ್ಜೆಗಳ ಏಣಿ, ಮುಂದಿನ ಕಾಳಗ, ಬಡ್ತಿ ಯಾವುದೂ ಉಳಿದಿಲ್ಲ. ಉಳಿದದ್ದು ಶಾಸ್ತ್ರಕ್ಕೆ ಬೇಕಾದ ನಾಲ್ಕು ಹನಿ ರಕ್ತ. ಕೌರ್ ಸಿಂಗ್ ವೃತ್ತಿಯಿಲ್ಲದ ಹೆವಿವೇಟ್ ಆಗಿದ್ದರು, ಇವರು ವೃತ್ತಿ ಕರಗಿ ಹೋದ ವೃತ್ತಿಪರರು. ಬೇರೆ ಏನೋ ಕೆಲಸ ಮಾಡಿಕೊಂಡು, ನವರಾತ್ರಿ ಹತ್ತಿರ ಬಂದಾಗ ಸಾಮು ಮಾಡಿ, ತಲೆ ಬೋಳಿಸಿಕೊಂಡು ಬರುತ್ತಾರೆ. ನಿಲ್ಲಿಸಿ ಅಂತ ಹೇಳುವವರಿದ್ದಾರೆ, ಪರಂಪರೆ ಅಂತ ಎದೆ ತಟ್ಟುವವರೂ ಇದ್ದಾರೆ. ನಾನು ಎರಡೂ ಗುಂಪಿನಲ್ಲಿ ಒಂದೊಂದು ಸಲ ಇದ್ದವನೇ. ಈಗ ನನಗೆ ಕಾಣೋದು ಇಷ್ಟೇ: ಅವರ ಹೆಸರು, ಊರನ್ನು ಕೂಗಿ ಹೇಳುವ ಪದ್ಧತಿ ವಿಲ್ಕ್ಸ್ ಕಾಲದಲ್ಲಿತ್ತು, ಪೇಪರಿನ ಫೋಟೋ ಕೆಳಗೆ ಎಷ್ಟೋ ಸಲ ಊರಿನ ಹೆಸರು ಮಾತ್ರ ಇರುತ್ತದೆ.

ಈ ಸಲ ವಿಜಯದಶಮಿಗೆ ರಜೆ ಹಾಕಿ ಊರಿಗೆ ಹೋಗ್ತಾ ಇದೀನಿ. ಗುಂಡ್ಲುಪೇಟೆಯಿಂದ ಮೈಸೂರಿಗಲ್ಲ, ಮೊದಲು ಚಾಮರಾಜನಗರಕ್ಕೆ. ಆ ಮನೆಯಲ್ಲಿ ಈಗ ಯಾರಿದ್ದಾರೋ, ಅಜ್ಜಿಯೂ ಇಲ್ಲ ದಾರಿ ತೋರಿಸಲಿಕ್ಕೆ. ಬೀದಿ ಮಾತ್ರ ನೆನಪಿದೆ.