ದಂಡೆಗೆ ಬಂದ ಎಂಜಿನ್ ದೋಣಿ ಹತ್ತಲಿಲ್ಲವೇಕೆ?

ಮನೆಯ ಡ್ರಿಲ್ ಮಷಿನ್ನಿಗೋ ಹುಲ್ಲು ಕೊಯ್ಯುವ ಬ್ರಶ್ ಕಟರಿಗೋ ಉದ್ದನೆಯ ದಂಡ ಜೋಡಿಸಿ, ಅದರ ತುದಿಗೆ ಪಂಕ ಕಟ್ಟಿ, ಸಣ್ಣ ದೋಣಿ ಓಡಿಸುವವರು ಈಗ ಹಲವು ದೇಶಗಳಲ್ಲಿ ಇದ್ದಾರೆ. ಇದು ಇಂದಿನ ಹುಚ್ಚಲ್ಲ, ದೋಣಿಯ ಮೋಟಾರು ಹುಟ್ಟಿದ್ದೇ ಹೀಗೆ. 1905ರ ಹೊತ್ತಿಗೆ ಅಮೆರಿಕದ ಕ್ಯಾಮರಾನ್ ವಾಟರ್‌ಮನ್ ಮೋಟಾರ್‌ಸೈಕಲ್ಲಿನ ಎಂಜಿನ್ನನ್ನೇ ದೋಣಿಯ ಹಿಂಬದಿಗೆ ತೂಗುಹಾಕಿ ನೋಡಿದ್ದ. 1909ರಲ್ಲಿ ಓಲೆ ಎವಿನ್‌ರೂಡ್ ಅದೇ ಬಗೆಯದನ್ನು ಮಾರಾಟದ ಸರಕಾಗಿಸಿದ. ಥಾಯ್ಲೆಂಡಿನ ಕಾಲುವೆಗಳಲ್ಲಿ ಹಳೆಯ ಕಾರಿನ ಎಂಜಿನ್ನುಗಳು ಉದ್ದ ಬಾಲದ ದೋಣಿಗಳನ್ನು ಓಡಿಸಿದವು. 1980ರ ದಶಕದ ಬಾಂಗ್ಲಾದೇಶದಲ್ಲಂತೂ ಗದ್ದೆಗೆ ನೀರೆತ್ತುತ್ತಿದ್ದ ಸಣ್ಣ ಡೀಸೆಲ್ ಎಂಜಿನ್ನುಗಳು ಸಾವಿರಾರು ನಾಡದೋಣಿಗಳಿಗೆ ಏರಿ, ಹಾಯಿ ಮತ್ತು ಹುಟ್ಟುಗಳ ಕಾಲವನ್ನೇ ಮುಗಿಸಿದವು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟರೆ ಒಂದು ಪ್ರಶ್ನೆ ಏಳುತ್ತದೆ. ಕೃಷ್ಣೆ, ದೂಧಗಂಗಾ, ವೇದಗಂಗಾ ಹರಿಯುವ ಈ ನಾಡಿನಲ್ಲಿ ದಂಡೆಯುದ್ದಕ್ಕೂ ಪಂಪ್‌ಸೆಟ್ಟುಗಳು ಸಾಲುಗಟ್ಟಿದವು. ಆದರೆ ಅವು ದೋಣಿ ಹತ್ತಲಿಲ್ಲ. ಯಾಕೆ?

ಕೈಚಳಕದ ಕೊರತೆ ಎಂಬ ಉತ್ತರ ನಿಲ್ಲುವುದಿಲ್ಲ. ಭಾರತದ ಎಂಜಿನ್ ಉದ್ಯಮದ ಒಂದು ಬೇರು ಈ ಸೀಮೆಯಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ರಂಟೆಗೆ ಬಂದರು. 1910ರಲ್ಲಿ ಅವರ ಕಾರಖಾನೆ ಔಂಧ ಸಂಸ್ಥಾನದ ಕುಂಡಲ್ ರೋಡ್ ಬಳಿಗೆ ಸ್ಥಳಾಂತರವಾಯಿತು. ಇಂದಿನ ಕಿರ್ಲೋಸ್ಕರವಾಡಿ ಅದು. ಕಾಗವಾಡಕ್ಕೆ ಹೊಂದಿಕೊಂಡ ಮಿರಜದಿಂದ ಪುಣೆಯ ರೈಲು ಹತ್ತಿದರೆ ಹಾದಿಯಲ್ಲೇ ಸಿಗುತ್ತದೆ. ಪಂಪು, ಎಂಜಿನ್ನು, ವಿದ್ಯುತ್ ಮೋಟಾರುಗಳ ಹೆಸರಾಗಿ ಕಿರ್ಲೋಸ್ಕರ ಈ ಭಾಗದ ರೈತನ ಬಾಯಲ್ಲಿ ನೆಲೆನಿಂತಿತು. ಎಂಜಿನ್ ಬಿಚ್ಚಿ ಕಟ್ಟುವ ಮಿಸ್ತ್ರಿಗಳಿಗೆ, ಲೇಥ್ ಇಟ್ಟುಕೊಂಡ ಅಂಗಡಿಗಳಿಗೆ ಇಲ್ಲಿ ಬರವಿರಲಿಲ್ಲ. ಒಂದು ದಂಡಕ್ಕೆ ಪಂಕ ಕೂಡಿಸುವುದು ಗಾಣದ ಹಲ್ಲುಚಕ್ರ ಸರಿಪಡಿಸುವುದಕ್ಕಿಂತ ಕಷ್ಟದ ಕೆಲಸವೇನಲ್ಲ.

ಬಡತನ ಎಂಬ ಉತ್ತರವೂ ಸಾಲದು. 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾಯಿತು, ಮುಂದೆ ಸಹಕಾರಿ ಕಾರಖಾನೆಗಳು ಎದ್ದವು. ಕಬ್ಬು ಕೈಗೆ ರೊಕ್ಕ ತಂದಿತು, ಆ ರೊಕ್ಕ ಟ್ರ್ಯಾಕ್ಟರು, ಪೈಪ್‌ಲೈನು, ಹೊಳೆಯ ನೀರೆತ್ತುವ ಜಾಕ್‌ವೆಲ್ಲುಗಳಿಗೆ ಹೋಯಿತು. ಬಾಂಗ್ಲಾದೇಶದ ರೈತ ಇಲ್ಲಿನವನಿಗಿಂತ ಸಿರಿವಂತನಾಗಿದ್ದರಿಂದ ಎಂಜಿನ್ ದೋಣಿ ಮಾಡಿಕೊಂಡ ಎಂದು ಯಾರೂ ಹೇಳಲಾರರು.

ನನ್ನ ಪ್ರಕಾರ ಉತ್ತರ ಇರುವುದು ನದಿಯ ವರ್ಷಚಕ್ರದಲ್ಲಿ. ಬಾಂಗ್ಲಾದ ಬಯಲಲ್ಲಿ ಪಂಪಿಗೆ ಒಣಗಾಲದಲ್ಲಿ ಕೆಲಸ, ಮಳೆಗಾಲದಲ್ಲಿ ಬಿಡುವು. ನೀರು ತಿಂಗಳುಗಟ್ಟಲೆ ಹರಡಿ ನಿಂತು ದೋಣಿಯೇ ರಸ್ತೆಯಾಗುವುದೂ ಆಗಲೇ. ಬಿಡುವಾದ ಎಂಜಿನ್ನಿಗೆ ಸರಿಯಾದ ಹೊತ್ತಿಗೆ ಇನ್ನೊಂದು ಕೂಲಿ ಸಿಕ್ಕಿತು. ಕೃಷ್ಣೆಯ ಲೆಕ್ಕ ಬೇರೆ. ಮಳೆ ಮುಗಿದಾಗಿನಿಂದ ಬೇಸಿಗೆಯ ಕೊನೆಯವರೆಗೆ ಕಬ್ಬಿಗೆ ನೀರು ಹಾಯಿಸಬೇಕು, ಪಂಪಿಗೆ ಪುರುಸೊತ್ತಿಲ್ಲ. ನದಿ ಶಾಂತವಾಗಿರುವುದೂ ಆ ತಿಂಗಳುಗಳಲ್ಲೇ, ಆದರೆ ಆಗ ದೋಣಿ ಬೇಕಾದವರು ಕಡಿಮೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ, ಜತ್ರಾಟ–ಭೀವಶಿಗಳ ಸೇತುವೆ–ಬಾಂದಾರಗಳ ಮೇಲೆ ಗಾಡಿಯೇ ದಾಟುತ್ತದೆ. ಪಂಪಿಗೆ ಬಿಡುವು ಸಿಗುವ ಜುಲೈ–ಆಗಸ್ಟಿನಲ್ಲಿ ಪಶ್ಚಿಮಘಟ್ಟದ ನೀರು ಇಳಿದು ಈ ತಗ್ಗು ಸೇತುವೆಗಳೆಲ್ಲ ಮುಳುಗುತ್ತವೆ. ದೋಣಿ ಬೇಕೇಬೇಕೆನಿಸುವ ಆ ದಿನಗಳಲ್ಲೇ ಬುಡಮೇಲಾದ ಮರಗಳನ್ನು ಹೊತ್ತು ಬರುವ ಸೆಳವು ಹೊಳೆಗೆ ಅಡ್ಡ ದೋಣಿ ಬಿಡಲು ಅವಕಾಶ ಕೊಡುವುದಿಲ್ಲ. ಅಲ್ಲದೆ ಇಲ್ಲಿನ ದೋಣಿ ನದಿಯುದ್ದಕ್ಕೂ ಸಾಗಿದ್ದಲ್ಲ, ಅಡ್ಡ ದಾಟಿದ್ದು. ಕೆಲವು ನೂರು ಮೀಟರಿನ ಆ ಹಾದಿಗೆ ಅಂಬಿಗನ ಹುಟ್ಟು, ಗಳ, ಹಗ್ಗ ಸಾಕಾಗಿದ್ದವು.

ಇದರ ಮೇಲೆ ವಿದ್ಯುತ್ತಿನ ಪಾಲೂ ಇದೆ. ಡೀಸೆಲ್ ಎಂಜಿನ್ ಎಲ್ಲಿಗೆ ಒಯ್ದರೆ ಅಲ್ಲಿ ದುಡಿಯುತ್ತದೆ. ವಿದ್ಯುತ್ ಮೋಟಾರು ತಂತಿಯ ಆಳು. ಹೊಳೆದಂಡೆಗೆ ಲೈನು ಬಂದಂತೆ ಡೀಸೆಲ್ ಎಂಜಿನ್ನು ಹಿಂದೆ ಸರಿಯಿತು. 2008ರಿಂದ ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಸಿಕ್ಕ ಮೇಲೆ ಡೀಸೆಲ್ ಸುಡಲು ಕಾರಣವೇ ಉಳಿಯಲಿಲ್ಲ. ಹೀಗೆ ದೋಣಿಗೆ ಏರಬಹುದಾಗಿದ್ದ ಯಂತ್ರವೇ ದಂಡೆಯಿಂದ ಮರೆಯಾಗುತ್ತ ಬಂತು. ಹೊಳೆ ಏರತೊಡಗಿದಾಗ ಇಲ್ಲಿನ ರೈತನಿಗೆ ಮೊದಲ ಚಿಂತೆ ಮೋಟಾರನ್ನು ಉಳಿಸಿಕೊಳ್ಳುವುದು. ಸ್ಟಾರ್ಟರ್ ಪೆಟ್ಟಿಗೆ ಕಳಚಿ, ಕೇಬಲ್ ಸುತ್ತಿ, ಪೈಪಿನ ಫ್ಲ್ಯಾಂಜಿನ ಬೋಲ್ಟು ಬಿಚ್ಚಿ, ಹಗ್ಗ ಹಾಕಿ ನಾಲ್ಕಾರು ಜನ ಕೆಸರಿನ ಏರಿಯಲ್ಲಿ ಮೋಟಾರನ್ನು ಮೇಲಕ್ಕೆ ಎಳೆಯುತ್ತಾರೆ. ಜೀವಕ್ಕೆ ಅಪಾಯವಿರುವ ಈ ಕೆಲಸ ವರ್ಷವರ್ಷವೂ ನಡೆಯುತ್ತದೆ.

ಹಾಗಾದರೆ ಈ ಜನ ನೀರಿನ ಮುಂದೆ ಕೈಕಟ್ಟಿ ಕುಳಿತರೇ? ಇಲ್ಲ. ಅವರು ಮೋಟಾರನ್ನು ಬಿಟ್ಟು ದೋಣಿಯ ಒಡಲನ್ನೇ ಹೊಸದಾಗಿ ಕಂಡುಕೊಂಡರು. ಕೃಷ್ಣೆ, ಪಂಚಗಂಗೆ, ದೂಧಗಂಗೆಯರ ದಂಡೆಯಲ್ಲಿ ಮಹಾಪೂರ ಬಂದಾಗ ಬೆಲ್ಲದ ಗಾಣದ ಕಡಾಯಿಯೇ ದೋಣಿ. ಏಳೆಂಟು ಅಡಿ ಅಗಲದ, ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿದ ಈ ಕಡಾಯಿ ಸಾವಿರ ಲೀಟರಿನ ಆಸುಪಾಸು ಕಬ್ಬಿನ ಹಾಲು ಹಿಡಿಯುತ್ತದೆ. ಅಷ್ಟು ಹಾಲು ಹಿಡಿಯುವ ಪಾತ್ರೆ ಖಾಲಿಯಿದ್ದಾಗ, ತನ್ನ ತೂಕ ಕಳೆದ ಮೇಲೂ, ನಾಲ್ಕೈದು ಜನರನ್ನು ಸುಲಭವಾಗಿ ತೇಲಿಸಬಲ್ಲದು. ಗಾಣ ನಡೆಯುವುದು ಚಳಿಗಾಲದಲ್ಲಿ, ಮಳೆಗಾಲದಲ್ಲಿ ಕಡಾಯಿಗೆ ಕೆಲಸವಿಲ್ಲ. ಬಾಂಗ್ಲಾದಲ್ಲಿ ಪಂಪಿನ ಎಂಜಿನ್ನಿಗೆ ಒದಗಿದ ಬಿಡುವಿನ ಯೋಗ ಇಲ್ಲಿ ಒದಗಿದ್ದು ಕಡಾಯಿಗೆ. ಅದರದು ದುಂಡಗಿನ ಒಡಲು, ತಳದಲ್ಲಿ ಏಣು (ಕೀಲ್) ಇಲ್ಲ. ಒಂದು ಬದಿಗೆ ಮೋಟಾರು ಕಟ್ಟಿದರೆ ಅದು ಮುಂದೆ ಹೋಗುವ ಬದಲು ತಿರುಗುತ್ತ ನಿಲ್ಲುತ್ತದೆ. ಗಳ ಊರಿ ತಳ್ಳುವುದೋ, ಈಜುಗಾರರು ಅಂಚು ಹಿಡಿದು ನೂಕುವುದೋ ಅದಕ್ಕೆ ಒಪ್ಪುವ ವಿಧಾನ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. 2005ರಲ್ಲಿ, 2019ರಲ್ಲಿ, 2021ರಲ್ಲಿ ಈ ತಾಲ್ಲೂಕುಗಳ ಊರುಗಳು ನಡುಗಡ್ಡೆಗಳಾದವು. 2019ರಲ್ಲಿ ಸೇನೆ ಮತ್ತು ಎನ್‌ಡಿಆರ್‌ಎಫ್‌ನವರು ಮೋಟಾರು ಬೋಟು ತಂದು ಜನರನ್ನು ಹೊರತಂದರು. ಊರವರೇ ಎಂಜಿನ್ ದೋಣಿ ಮಾಡಿಕೊಂಡಿದ್ದರೆ ಎಷ್ಟೋ ಜೀವಗಳ ಭಯ ತಪ್ಪುತ್ತಿರಲಿಲ್ಲವೇ? ಈ ಮಾತಿನ ತೂಕವನ್ನು ನಾನು ಒಪ್ಪುತ್ತೇನೆ. ಆದರೆ ಪೂರದ ನೀರು ಹರಡುವುದು ನಿಂತ ಕಬ್ಬಿನ ಮೇಲೆ, ಬೇಲಿ ಮತ್ತು ತಂತಿಗಳ ಮೇಲೆ. ಪಂಕಕ್ಕೆ ಒಂದು ಮಾರು ಕಬ್ಬಿನ ಸೋಗೆ ಸುತ್ತಿಕೊಂಡರೆ ಸಾಕು, ಎಂಜಿನ್ ನಿಂತು ದೋಣಿ ಸೆಳವಿನ ಪಾಲು. ಡ್ರಿಲ್ಲಿನಂಥ ಸಣ್ಣ ಮೋಟಾರಿಗೆ ಈ ಸಿಕ್ಕನ್ನು ಹರಿಯುವ ಶಕ್ತಿಯೇ ಇಲ್ಲ, ಪೂರದಲ್ಲಿ ಅದನ್ನು ನಂಬುವುದು ತಪ್ಪು. ವರ್ಷದಲ್ಲಿ ಕೆಲವೇ ದಿನ ಬೇಕಾಗುವ, ಆ ದಿನಗಳಲ್ಲಿ ಒಂದು ಕ್ಷಣವೂ ಕೈಕೊಡಬಾರದ ಯಂತ್ರವನ್ನು ಊರ ಮಿಸ್ತ್ರಿಯ ಜಾಣ್ಮೆಗೆ ಬಿಡಲಾಗದು. ಅದು ಸರ್ಕಾರ ಮಳೆಗೆ ಮುಂಚೆಯೇ ಊರೂರಿನಲ್ಲಿ ಸಜ್ಜಾಗಿಡಬೇಕಾದ ವಸ್ತು. ಕಡಾಯಿ ಹತ್ತಿ ಕೂಸನ್ನು ಎದೆಗವಚಿಕೊಂಡು ದಾಟುವ ತಾಯಿಯ ಧೈರ್ಯವನ್ನು ಹೊಗಳುವವರು ಸರ್ಕಾರದಿಂದ ಈ ಬೋಟನ್ನೂ ಕೇಳಬೇಕು.

ಇನ್ನೊಂದು ಆಕ್ಷೇಪ: ಈಗ ಕೃಷ್ಣೆಯಲ್ಲಿ ಯಾಂತ್ರಿಕ ದೋಣಿಗಳು ಓಡುತ್ತಿವೆಯಲ್ಲ? ಓಡುತ್ತಿವೆ. ಆದರೆ ಎಲ್ಲಿ ಎಂಬುದನ್ನು ನೋಡಬೇಕು. ಹಿಪ್ಪರಗಿ ಬ್ಯಾರೇಜಿನ ಹಿನ್ನೀರು ಅಥಣಿ, ರಾಯಬಾಗದ ಕಡೆಗೆ ಚಾಚಿ ನಿಂತ ಮೇಲೆ ಬೇಸಿಗೆಯಲ್ಲೂ ಹೊಳೆ ಅಗಲವಾಗಿ, ಆಳವಾಗಿ, ಸೆಳವಿಲ್ಲದೆ ಉಳಿಯತೊಡಗಿತು. ರಬಕವಿ–ಮಹಿಷವಾಡಗಿ ನಡುವೆ ಜನರನ್ನೂ ಬೈಕುಗಳನ್ನೂ ಬೋಟು ದಾಟಿಸುವುದು ಇಂಥ ನೀರಿನಲ್ಲೇ. ಗಳ ನೆಲ ಮುಟ್ಟದಷ್ಟು ಆಳವಾದಾಗ, ದಾಟುವವರು ದಿನವೂ ಇದ್ದಾಗ ಎಂಜಿನ್ನಿಗೆ ಕೂಲಿ ಹುಟ್ಟಿತು. ಜನರೂ ಮಿಸ್ತ್ರಿಗಳೂ ಮೊದಲಿನವರೇ. ನಿಪ್ಪಾಣಿ ಕಡೆಯ ವೇದಗಂಗೆಯಲ್ಲಿ ಹೀಗಾಗಿಲ್ಲ. ಅಲ್ಲಿ ಹೊಳೆ ಇಂದಿಗೂ ಮಳೆಗಾಲದಲ್ಲಿ ಸೇತುವೆ ಮುಳುಗಿಸಿ, ನೀರಿಳಿದ ಮೇಲೆ ಗಾಡಿಗೆ ದಾರಿ ಬಿಡುತ್ತದೆ.