ಮೊಬೈಲಿನ ‘ಯುವಿ’ ಅಂಕಿ ಮತ್ತು ಬಿಸಿಲು ಅಳೆದ ಅಣ್ಣಾ ಮಣಿ

ಬೆಳವಣಕಿಯಲ್ಲಿ ಕೂತು ಮೊಬೈಲಿನಲ್ಲಿ ಹವಾಮಾನ ನೋಡಿದರೆ, ಉಷ್ಣತೆಯ ಕೆಳಗೆ ‘ಯುವಿ’ ಅಂತ ಒಂದು ಅಂಕಿ ಕಾಣುತ್ತದೆ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣದ ಲೆಕ್ಕ ಅದು. 11 ದಾಟಿದರೆ ವಿಪರೀತ. ಸಾಮಾನ್ಯವಾಗಿ ಇದು ಊರಲ್ಲಿ ಅಳೆದದ್ದಲ್ಲ. ಸೂರ್ಯನ ಎತ್ತರ, ಮೋಡ, ಓಝೋನ್ ಪದರ ಸೇರಿಸಿ ಕಂಪ್ಯೂಟರ್ ಹೇಳುವುದು.

ಅಳೆಯುವ ಕಥೆ ಹಳೆಯದು. 1801ರಲ್ಲಿ ಜರ್ಮನಿಯ ರಿಟ್ಟರ್, ಬೆಳ್ಳಿಯ ಲವಣವೊಂದು ನೇರಳೆ ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲೇ ಬೇಗ ಕಪ್ಪಾಗುವುದನ್ನು ಕಂಡ. 1920ರ ದಶಕದಲ್ಲಿ ಇಂಗ್ಲೆಂಡಿನ ಡಾಬ್ಸನ್, ನೆಲ ಮುಟ್ಟುವ ಈ ಕಿರಣ ಅಳೆದು ಮೇಲಿನ ಓಝೋನ್ ಎಷ್ಟಿದೆ ಎಂದು ಹೇಳುವ ಯಂತ್ರ ಮಾಡಿದರು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬೆನ್ನೆಲುಬಾದವರು ಅಣ್ಣಾ ಮಣಿ. ಹುಟ್ಟಿದ್ದು 1918ರಲ್ಲಿ, ಕೇರಳದ ಪೀರುಮೇಡಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಕೈಕೆಳಗೆ ವಜ್ರ, ಮಾಣಿಕ್ಯದ ಬೆಳಕು ಪರೀಕ್ಷಿಸಿದರು. ಎಂ.ಎಸ್ಸಿ. ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. (ಕೊಡದಿದ್ದರೂ ಅವರ ಕೆಲಸ ನಿಲ್ಲಲಿಲ್ಲ ಬಿಡಿ.) 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ದೇಶದ ತುಂಬ ಬಿಸಿಲು ಅಳೆಯುವ ಕೇಂದ್ರ ಕಟ್ಟಿದರು. 1960ರ ದಶಕದಲ್ಲಿ ಬಲೂನಿಗೆ ಕಟ್ಟಿ ಬಿಡುವ ಓಝೋನ್ ಉಪಕರಣವನ್ನು ಇಲ್ಲೇ ತಯಾರಿಸಿದರು. ನಿವೃತ್ತಿಯ ಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ದೇಶದ ಗಾಳಿಯ ಲೆಕ್ಕವನ್ನೂ ಪುಸ್ತಕ ಮಾಡಿದರು. ಗಜೇಂದ್ರಗಡದ ಗುಡ್ಡದ ಫ್ಯಾನು ನೋಡಿದಾಗ ನಮಗೆ ಅವರ ನೆನಪಾಗುತ್ತದೆ.

ಜನರಿಗೆ ತಿಳಿಯುವಂಥ ಅಂಕಿ ತಂದದ್ದು ಕೆನಡಾ, 1992ರಲ್ಲಿ. ಓಝೋನ್ ತೆಳುವಾಗುತ್ತಿದ್ದ ಭಯ ಆಗ ಎಲ್ಲ ಕಡೆ ಇತ್ತು.

ಈಗ ನಮ್ಮ ಹೊಲಕ್ಕೆ ಬರೋಣ. ಯುವಿಗೂ ಸೆಕೆಗೂ ಸಂಬಂಧ ಕಡಿಮೆ. ಸೂರ್ಯ ನೆತ್ತಿಗೆ ಬಂದಷ್ಟೂ ಕಿರಣ ಹೆಚ್ಚು. ಎತ್ತರದ ಊರಲ್ಲಿ ಹೆಚ್ಚು, ಧೂಳು ಹೊಗೆ ಇದ್ದರೆ ಕಡಿಮೆ. ಎರಿ ಮಣ್ಣು ಅದನ್ನು ಹೆಚ್ಚು ಮೇಲೆ ಎಸೆಯುವುದಿಲ್ಲ, ಹಿಮವಾದರೆ 80% ತನಕ ಎಸೆಯುತ್ತದೆ. ತೆಳು ಮೋಡ ದಾಟಿ 90%ಕ್ಕೂ ಮಿಕ್ಕಿ ಬರಬಹುದು. ಮೋಸ ಇರುವುದು ಇಲ್ಲೇ. ರೋಣದ ಸೀಮೆಯಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ: ಮೇ ಮೊದಲ ವಾರ, ಮತ್ತೆ ಆಗಸ್ಟ್ ಎರಡನೇ ವಾರ. ಆಗಸ್ಟಿನಲ್ಲಿ ಗಾಳಿ ತಂಪು, ಮೋಡ ಮುಸುಕು, ಹೆಸರು ಬಿಡಿಸುವ ಕಾಲ. ಅವ್ವಂದಿರು ತಲೆಗೆ ಸೆರಗು ಹೊದ್ದಿರುತ್ತಾರೆ, ಕಣ್ಣಿಗೆ ಏನೂ ಇಲ್ಲ. ಕಣ್ಣಿನ ಪೊರೆಗೆ ಈ ಕಿರಣವೂ ಒಂದು ಕಾರಣ.

ಯಂತ್ರ ಇಲ್ಲದವರಿಗೆ ನೆರಳಿದೆ: ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗಿದ್ದರೆ ಯುವಿ ಜೋರು. ಅಂಚಿನ ಟೊಪ್ಪಿಗೆ, ಇಲ್ಲವೇ ಹಣೆ ಮುಂದೆ ಚಾಚಿದ ಸೆರಗು ಆಗಬೇಕು.